ಬೇಲಿಯನ್ನು ಬದಲಿಸುವ ಚಿಕಿತ್ಸೆ

ಬೇಲಿಯೇ ಎದ್ದು ಹೊಲವನ್ನು ಮೇಯ್ದರೆ ಕಾಯುವವರಾರು? ನಮ್ಮ ಮಿದುಳಿಗೂ ಇಂತಹ ಒಂದು ಬೇಲಿಯುಂಟು. ಸ್ಪೇನ್ ದೇಶದ ವಿಜ್ಞಾನಿ ಪಿಯೊ ದೆಲ್ ರಿಯೊ ಒರ್ತೇಗಾ 1919ರಲ್ಲಿ ಗುರುತಿಸಿ ಹೆಸರಿಟ್ಟ 'ಮೈಕ್ರೋಗ್ಲಿಯಾ' ಎಂಬ ಜೀವಕೋಶಗಳೇ ಅದು. ಸೋಂಕನ್ನು ಎದುರಿಸುವುದೂ ಸತ್ತ ಕೋಶಗಳನ್ನು ನುಂಗಿ ಮಿದುಳನ್ನು ಶುಚಿಯಾಗಿಡುವುದೂ ಇವುಗಳ ಕಾರ್ಯ. ರಕ್ತದಲ್ಲಿನ ರಕ್ಷಕ ಕೋಶಗಳಂತೆ ಇವು ಮೂಳೆಯ ಮಜ್ಜೆಯಿಂದ ಮತ್ತೆ ಮತ್ತೆ ಬರುವುದಿಲ್ಲ. ಭ್ರೂಣಾವಸ್ಥೆಯಲ್ಲಿಯೇ ಮಿದುಳನ್ನು ಸೇರಿ, ಅಲ್ಲಿಯೇ ವಿಭಜನೆ ಹೊಂದಿ, ಜೀವಮಾನವಿಡೀ ಉಳಿಯುತ್ತವೆ. ಅವುಗಳಲ್ಲಿ ಹುಟ್ಟಿನಿಂದ ಬಂದ ದೋಷವೂ ಹಾಗೆಯೇ ಉಳಿಯುತ್ತದೆ.

ಎಎಲ್‌ಎಸ್‌ಪಿ ಎಂಬ ವಿರಳ ರೋಗದ ಮೂಲ ಇದೇ. ಮೈಕ್ರೋಗ್ಲಿಯಾಗಳ ಉಳಿವಿಗೆ ಅಗತ್ಯವಾದ ಸಿಎಸ್‌ಎಫ್1ಆರ್ ಎಂಬ ಜೀನಿನ ದೋಷವೇ ಇದಕ್ಕೆ ಕಾರಣವೆಂದು 2012ರಲ್ಲಿ ತಿಳಿದುಬಂದಿತು. ನಡುವಯಸ್ಸಿನಲ್ಲಿ ನೆನಪು ಕುಂದಿ, ನಡಿಗೆ ತಪ್ಪಿ, ಕೆಲವೇ ವರ್ಷಗಳಲ್ಲಿ ರೋಗಿ ಹಾಸಿಗೆ ಹಿಡಿಯುತ್ತಾನೆ. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು.

2025ರಲ್ಲಿ ಚೀನಾದ ವಿಜ್ಞಾನಿಗಳು ಇಂತಹ 8 ಮಂದಿ ರೋಗಿಗಳಿಗೆ ಆರೋಗ್ಯವಂತರ ಮಜ್ಜೆಯನ್ನು ಕಸಿಮಾಡಿದ ವರದಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮಜ್ಜೆಯಿಂದ ಹುಟ್ಟಿದ ಕೋಶಗಳು ಮಿದುಳನ್ನು ಹೊಕ್ಕು ಹಳೆಯವುಗಳ ಸ್ಥಾನದಲ್ಲಿ ನೆಲಸಬಲ್ಲವು. 24 ತಿಂಗಳ ಅವಲೋಕನದಲ್ಲಿ ರೋಗ ಮುಂದುವರಿಯಲಿಲ್ಲ.

ಹಾಗಾದರೆ ಮಿದುಳಿನ ಎಲ್ಲ ರೋಗಗಳಿಗೂ ಮದ್ದು ದೊರಕಿತೆಂದು ಹಿಗ್ಗಬಹುದೆ? ಕೂಡದೆಂದೇ ನಮ್ಮ ಅಭಿಪ್ರಾಯ. ಭೌತಶಾಸ್ತ್ರದ ಬೋಧಕರಾದ ನಮಗೆ ವೈದ್ಯದಲ್ಲಿ ಅಧಿಕಾರವಿಲ್ಲ; ಆದರೆ ಒಂದು ಪ್ರಯೋಗ ಎಷ್ಟನ್ನು ಸಾಧಿಸಿದೆ, ಎಷ್ಟನ್ನು ಸಾಧಿಸಿಲ್ಲ ಎಂದು ಅಳೆಯುವುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ಶಿಸ್ತು. ಈ ರೋಗದಲ್ಲಿ ಹಳೆಯ ಕೋಶಗಳು ತಾವೇ ದುರ್ಬಲವಾದುದರಿಂದ ಹೊಸಬರಿಗೆ ಎಡೆ ದೊರೆಯಿತು. ಹಳೆಯವು ಗಟ್ಟಿಯಾಗಿರುವ ಮಿದುಳಿನಲ್ಲಿ ಹೊಸವು ನೆಲಸುವುದು ಕಷ್ಟ. ಮೊದಲು ಅವನ್ನು ಅಳಿಸಬೇಕಾಗುತ್ತದೆ. ಕಸಿಗೆ ಮುನ್ನ ರೋಗಿಯ ಸ್ವಂತ ಮಜ್ಜೆಯನ್ನು ತೀಕ್ಷ್ಣವಾದ ಔಷಧಗಳಿಂದ ಇಲ್ಲವೆ ವಿಕಿರಣದಿಂದ ನಾಶಮಾಡಬೇಕು. ಆ ಕಾಲದಲ್ಲಿ ತಗಲುವ ಸೋಂಕು ಪ್ರಾಣವನ್ನೇ ತೆಗೆಯಬಹುದು. ಕಸಿಯಾದ ಕೋಶಗಳೇ ದೇಹದ ಮೇಲೆ ತಿರುಗಿಬೀಳುವುದೂ ಉಂಟು. ರೋಗದ ಮೂಲ ಮೈಕ್ರೋಗ್ಲಿಯಾದಲ್ಲಿಯೇ ಇರುವಾಗ ಈ ಸಾಹಸಕ್ಕೆ ಅರ್ಥವಿದೆ. ಇತರ ರೋಗಗಳಲ್ಲಿ ಅದನ್ನು ಇನ್ನೂ ಸಿದ್ಧಪಡಿಸಬೇಕಾಗಿದೆ.

ಇನ್ನೊಂದು ಮಾತು. ಇಲ್ಲಿ ರೋಗ ನಿಂತಿತೆಂದರೆ ಕಳೆದುಹೋದ ನೆನಪು ಮರಳಿತೆಂದಲ್ಲ. ಮೇಯ್ದು ಹೋದ ಪೈರು ಹೊಸ ಬೇಲಿಯಿಂದ ಚಿಗುರದು. ಆದುದರಿಂದ ಚಿಕಿತ್ಸೆಯಷ್ಟೇ ಮುಖ್ಯವಾದುದು ರೋಗವನ್ನು ಬೇಗನೆ ಗುರುತಿಸುವುದು. ಮನೆತನದಲ್ಲಿ ಇಂತಹ ರೋಗ ಕಂಡಾಗ ಅದನ್ನು ಮುಪ್ಪಿನ ಮರೆವೆಂದೋ ಹಣೆಬರಹವೆಂದೋ ಬಗೆದು ಸುಮ್ಮನಿರದೆ ನರರೋಗತಜ್ಞರನ್ನು ಕಂಡು ಜೀನಿನ ಪರೀಕ್ಷೆಯ ವಿಷಯವನ್ನು ವಿಚಾರಿಸಬೇಕು. 'ಸರ್ವರೋಗಕ್ಕೂ ಕೋಶಚಿಕಿತ್ಸೆ' ಎಂದು ಜಾಹೀರಾತು ನೀಡುವವರ ಬಾಗಿಲನ್ನು ಮಾತ್ರ ತಟ್ಟಬಾರದು. ಇಂದಿಗೆ ವಿಜ್ಞಾನ ನಮಗೆ ನೀಡಿರುವುದು ಒಂದು ರೋಗಕ್ಕೆ ಒಂದು ದಾರಿ, ಅದು ಅಲ್ಪವಲ್ಲ.