ಮೊದಲ ಪೇಟಿಯ ಆಯ್ಕೆ

ಹಾರ್ಮೋನಿಯಮ್ಮನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರು ಪೇಟಿಯೆಂದೇ ಕರೆಯುತ್ತಾರೆ. ಕನ್ನಡದ ಭಜನೆಗೂ ಮರಾಠಿಯ ಅಭಂಗಕ್ಕೂ ಇಲ್ಲಿ ಸಾಥಿ ನೀಡುವುದು ಅದೇ. ಬಾಲ್ಯದಲ್ಲಿ ಸಂಗೀತದ ಪಾಠ ದೊರೆಯದೆ, ಇಪ್ಪತ್ತರ ಹರೆಯದಲ್ಲಿಯೋ ನಲವತ್ತರ ನಡುವಯಸ್ಸಿನಲ್ಲಿಯೋ ಪೇಟಿ ಕಲಿಯಲು ಹೊರಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಾಗೆ ಹೊರಟವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಅದನ್ನು ಅಟ್ಟಕ್ಕೇರಿಸಿ, ವಯಸ್ಸು ಮೀರಿತು, ಇನ್ನು ಬೆರಳು ಓಡಲಾರವು ಎಂದು ಕೈಚೆಲ್ಲುತ್ತಾರೆ. ಬಹಳ ಸಲ ದೋಷ ವಯಸ್ಸಿನದಲ್ಲ, ಕೊಂಡುತಂದ ಪೇಟಿಯದು ಎಂಬುದು ನನ್ನ ಅಭಿಪ್ರಾಯ. ಕೆಟ್ಟ ವಾದ್ಯ ಕೈಗೆ ಬಂದರೆ ಮಗು ವಾದ್ಯವನ್ನು ದೂರುತ್ತದೆ. ಬೆಳೆದವರು ತಮ್ಮನ್ನೇ ದೂರಿಕೊಳ್ಳುತ್ತಾರೆ.

ಪೇಟಿಯೊಳಗೆ ನಡೆಯುವುದು ಸರಳ. ತಿದಿಯಿಂದ ಬಂದ ಗಾಳಿ ಹಿತ್ತಾಳೆಯ ತೆಳುವಾದ ನಾಲಗೆಗಳನ್ನು ಕಂಪಿಸುತ್ತದೆ. ಆ ನಾಲಗೆಗೆ ರೀಡ್ ಎಂದು ಹೆಸರು. ಅಕಾರ್ಡಿಯನ್ನಿನ ತತ್ತ್ವವೂ ಇದೇ. ಗುಂಡಿಗಳ ಅಕಾರ್ಡಿಯನ್ನಿನ ಕೆಲವು ಬಗೆಗಳಲ್ಲಿ ಒಂದೇ ಗುಂಡಿ ತಿದಿಯನ್ನು ಒತ್ತಿದಾಗ ಒಂದು ಸ್ವರವನ್ನೂ ಎಳೆದಾಗ ಮತ್ತೊಂದು ಸ್ವರವನ್ನೂ ನುಡಿಯುತ್ತದೆ. ಪೇಟಿ ಕಲಿಯುವವರಿಗೆ ಆ ತೊಡಕಿಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದಬೇನ್ ರೂಪಿಸಿದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದು. ಅದನ್ನು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಗಾಳಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾರ್ಪಡಿಸಿದ ಕೀರ್ತಿ ಕಲಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ.

ಗಾಳಿಯೇ ಪ್ರಾಣವಾದ ವಾದ್ಯದಲ್ಲಿ ಮೊದಲು ನೋಡಬೇಕಾದುದು ಗಾಳಿಯನ್ನು; ಕಟ್ಟಿಗೆಯ ಹೊಳಪನ್ನಲ್ಲ. ಎದುರಿನ ಸ್ಟಾಪುಗಳನ್ನೆಲ್ಲ ಮುಚ್ಚಿ ತಿದಿಯನ್ನು ತುಂಬಿಸಿರಿ. ಅದು ತಟ್ಟನೆ ಕುಸಿದರೆ ಎಲ್ಲೋ ಸೋರಿಕೆಯಿದೆ. ಬಳಿಕ ಒಂದು ಸ್ಟಾಪನ್ನು ತೆರೆದು, ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿರಿ. ಆಗಲೂ ಸ್ವರ ಕೇಳಿಸಿದರೆ ಆ ಪೇಟಿಯನ್ನು ಅಲ್ಲಿಯೇ ಬಿಡಿರಿ. ಎರಡು ಪೇಟಿಗಳನ್ನು ಅಕ್ಕಪಕ್ಕ ಇರಿಸಿ, ಒಂದೊಂದರಲ್ಲಿಯೂ ಒಮ್ಮೆ ತುಂಬಿಸಿದ ಗಾಳಿಗೆ ಒಂದು ಸ್ವರ ಎಷ್ಟು ಹೊತ್ತು ನಿಲ್ಲುತ್ತದೆಂದು ಮನಸ್ಸಿನಲ್ಲಿಯೇ ಎಣಿಸುವುದು ಇನ್ನೂ ಒಳ್ಳೆಯದು. ಅಂಗಡಿಯವರು ಬೇಸರಿಸಬಹುದು, ಬೇಸರಿಸಲಿ. ಸೋರುವ ಪೇಟಿಯಲ್ಲಿ ಎಡಗೈಗೆ ಪುರಸೊತ್ತಿರುವುದಿಲ್ಲ, ಎಡಗೈ ದಣಿದಂತೆ ಬಲಗೈ ಎಡವುತ್ತದೆ, ಕಲಿಯುವವರು ಅದನ್ನು ತಮ್ಮ ಬೆರಳಿನ ಜಡತನವೆಂದು ತಿಳಿಯುತ್ತಾರೆ. ತೀರ ಮೆಲ್ಲಗೆ ಗಾಳಿ ಹಾಕಿದಾಗಲೂ ರೀಡು ತಡವರಿಸದೆ ನುಡಿಯಬೇಕು. ಷಡ್ಜವನ್ನೂ ಅದರ ತಾರಷಡ್ಜವನ್ನೂ ಒಟ್ಟಿಗೆ ಒತ್ತಿದಾಗ ನಾದ ಅಲೆಅಲೆಯಾಗಿ ನಡುಗಿದರೆ ಶ್ರುತಿ ಕೂಡಿಲ್ಲವೆಂದರ್ಥ. ಇದನ್ನು ಗುರುತಿಸಲು ಸಂಗೀತಜ್ಞಾನ ಬೇಕಿಲ್ಲ. ಗದ್ದಲವಿಲ್ಲದ ಕೋಣೆ ಇದ್ದರೆ ಸಾಕು.

ಮೂರು ಸಪ್ತಕದ, ಎರಡು ಸಾಲು ರೀಡುಗಳುಳ್ಳ ಸಾದಾ ಪೇಟಿ ಮೊದಲಿಗರಿಗೆ ಧಾರಾಳವಾಯಿತು. ಒಂದು ಮನೆಯನ್ನೊತ್ತಿದರೆ ಕೆಳಗಿನ ಸಪ್ತಕದ ಮನೆಯೂ ತಾನಾಗಿ ಒತ್ತುವ ಕಪ್ಲರ್ ಕೇಳಲು ವೈಭವದ್ದೇ. ಆದರೆ ಅದು ಗಾಳಿಯನ್ನು ನುಂಗುತ್ತದೆ.

ನನ್ನ ಮುಖ್ಯ ತಕರಾರು ಇರುವುದು ಸ್ಕೇಲ್ ಚೇಂಜರಿನ ಬಗೆಗೆ. ಇದರಲ್ಲಿ ಮನೆಗಳ ಚೌಕಟ್ಟೇ ರೀಡುಗಳ ಮೇಲೆ ಅತ್ತಿತ್ತ ಸರಿಯುತ್ತದೆ. ಆದುದರಿಂದ ಯಾವ ಶ್ರುತಿಯಲ್ಲಿ ಹಾಡಿದರೂ ಬೆರಳುಗಳು ಒಂದೇ ಜಾಗದಲ್ಲಿ ನುಡಿಸಬಹುದು. ಹಲವು ಗಾಯಕರಿಗೆ ಸಾಥಿ ನೀಡುವ ವೃತ್ತಿವಾದಕರಿಗೆ ಇದು ಉಪಕಾರಿ ಎಂಬುದನ್ನು ಒಪ್ಪುತ್ತೇನೆ. ಆದರೆ ಹೊಸಬರಿಗೆ ಇದನ್ನೇ 'ಕಲಿಯಲು ಸುಲಭ'ವೆಂದು ಮಾರುವುದು ಸರಿಯಲ್ಲ. ಬೆಲೆಯೂ ಭಾರವೂ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು. ಅದಕ್ಕಿಂತ ಮಿಗಿಲಾಗಿ, ಒಂದೇ ಷಡ್ಜಕ್ಕೆ ಒಗ್ಗಿದ ಬೆರಳು ಊರ ಗುಡಿಯ ಸಾದಾ ಪೇಟಿಯ ಮುಂದೆ ಕುಳಿತಾಗ ಅನಾಥವಾಗುತ್ತದೆ. ಗಂಡುಕಂಠಕ್ಕೆ ಸಾಮಾನ್ಯವಾಗಿ ಕಪ್ಪು ಒಂದರ ಆಸುಪಾಸಿನಲ್ಲಿ, ಹೆಣ್ಣುಕಂಠಕ್ಕೆ ಕಪ್ಪು ನಾಲ್ಕು, ಐದರ ಆಸುಪಾಸಿನಲ್ಲಿ ಷಡ್ಜ ಹೊಂದುತ್ತದೆ. ಮೊದಲು ತಮ್ಮ ಕಂಠದ ಷಡ್ಜವನ್ನು ಕಂಡುಕೊಂಡು, ಅಲ್ಲಿಂದಲೇ ಅಲಂಕಾರಗಳನ್ನು ಆರಂಭಿಸಿ, ಆರು ತಿಂಗಳ ಬಳಿಕ ಇನ್ನೊಂದು ಮನೆಗೆ ಷಡ್ಜವನ್ನು ಬದಲಿಸುವುದು ನಿಧಾನದ ದಾರಿಯೇ ಸರಿ. ಬೆಳೆದವರ ತರ್ಕಶಕ್ತಿ ನೆರವಿಗೆ ಬರುವುದೂ ಆ ದಾರಿಯಲ್ಲಿಯೇ: ಸ್ವರಗಳ ನಡುವಿನ ಅಂತರವನ್ನು ಅವರು ಲೆಕ್ಕದಂತೆ ಗ್ರಹಿಸಬಲ್ಲರು, ಮಗು ಗ್ರಹಿಸಲಾರದು.

ಈ ವಾದ್ಯವನ್ನೇ ಅಲ್ಲಗಳೆಯುವವರೂ ಇದ್ದಾರೆ. ಮೀಂಡು ಬಾರದು, ಶ್ರುತಿ ಪರಕೀಯ ಎಂಬ ಆಕ್ಷೇಪಗಳು ಎದ್ದ ಕಾಲದಲ್ಲಿ ಆಕಾಶವಾಣಿಯು 1940ರಲ್ಲಿ ಹೇರಿದ ನಿಷೇಧ 1971ರವರೆಗೆ ಸಡಿಲಲಿಲ್ಲ. ಆಕ್ಷೇಪ ಪೂರ್ತಿ ಸುಳ್ಳಲ್ಲ. ಸಪ್ತಕವನ್ನು 12 ಸಮಭಾಗ ಮಾಡಿ ಶ್ರುತಿಗೊಳಿಸಿದ ಪೇಟಿಯಲ್ಲಿ, ತಂಬೂರಿಯ ನಾದದಿಂದ ಹೊಮ್ಮುವ ಗಾಂಧಾರಕ್ಕಿಂತ ಗಾಂಧಾರ ತುಸು ಏರಿಯೇ ಇರುತ್ತದೆ: ಸಪ್ತಕಕ್ಕೆ 1200 ಅಂಶಗಳೆಂದುಕೊಂಡರೆ ಸುಮಾರು 14 ಅಂಶದಷ್ಟು. ಹೀಗಿದ್ದೂ ಕೊಲ್ಹಾಪುರದ ಗೋವಿಂದರಾವ್ ಟೆಂಬೆ, ಬೆಳಗಾವಿಯ ರಾಂಭಾವು ವಿಜಾಪುರೆ ಅವರಂಥವರು ಇದೇ ಪೇಟಿಯಿಂದ ರಸಿಕರನ್ನು ಗೆದ್ದರು. ಮೊದಲಿಗರು ನೆನಪಿಡಬೇಕಾದುದಿಷ್ಟೇ: ಕಂಠ ಮುಂದೆ, ಪೇಟಿ ಹಿಂದೆ.

ಹಣ ಕಡಿಮೆಯಿದ್ದರೆ ಹೊಸ ಅಗ್ಗದ ಪೇಟಿಗಿಂತ, ಬಲ್ಲವರಿಗೆ ತೋರಿಸಿ ಕೊಂಡ ಹಳೆಯ ಒಳ್ಳೆಯ ಪೇಟಿ ಮೇಲು. ಮೇಲುಹಲಗೆಯನ್ನು ತೆಗೆಸಿ ಒಳಗಿನ ಚರ್ಮವನ್ನೂ ತಿದಿಯ ಮಡಿಕೆಗಳನ್ನೂ ನೋಡಿರಿ. ಇಲಿಗಳಿಗೆ ಸಂಗೀತ ತಿಳಿಯದಿದ್ದರೂ ಪೇಟಿಯ ಚರ್ಮದ ರುಚಿ ಚೆನ್ನಾಗಿ ತಿಳಿದಿದೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದರಲ್ಲೇನು ಲಾಭ ಎಂದು ಯಾರಾದರೂ ಕೇಳಬಹುದು. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಮೂರು, ನಾಲ್ಕು ಮಾತ್ರೆಗಳ ಗಣ ವಿಂಗಡಿಸುವುದನ್ನು ನಾವು ತರಗತಿಯಲ್ಲಿ ಕಲಿಸುತ್ತೇವೆ. ಆ ನಡೆಯನ್ನು ಕಿವಿಗೆ ಕೇಳಿಸುವುದು ವಿರಳ. ಕುಮಾರವ್ಯಾಸನ ಪದ್ಯವೊಂದನ್ನು ಎದುರಿಗಿಟ್ಟುಕೊಂಡು, ಷಡ್ಜ ಪಂಚಮಗಳೆರಡನ್ನೇ ಒತ್ತಿ ಹಿಡಿದು, ಆ ಶ್ರುತಿಯ ಮೇಲೆ ಗಟ್ಟಿಯಾಗಿ ಓದಿರಿ. ಮೊದಲ ತಿಂಗಳು ಪೇಟಿಯಿಂದ ಇಷ್ಟು ಕೆಲಸ ತೆಗೆದರೆ ಸಾಕು. ಬೆರಳುಗಳ ಸರದಿ ಆಮೇಲೆ.