ಗಾಲಿಯ ಮೇಲಿನ ಮನೆ

ಎಳ್ಳ ಅಮಾವಾಸ್ಯೆ ಕಳೆದು ಮೂರನೆಯ ದಿನ. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ಪಡಸಾಲೆಗೆ ಬರುವಷ್ಟರಲ್ಲಿ ಲಿಂಗಸುಗೂರಿನ ನಮ್ಮ ಮನೆಯ ಮುಂದೆ ಒಂದು ಟೆಂಪೋ ಟ್ರಾವೆಲರ್ ವಾಹನ ಬಂದು ನಿಂತಿತು. ಯಾವುದೋ ಮದುವೆಯ ದಿಬ್ಬಣವಿರಬೇಕೆಂದು ಭಾವಿಸಿದೆ. ಆದರೆ ಇಳಿದವರು ಇಬ್ಬರೇ: ಸಿಂಧನೂರಿನಲ್ಲಿ ಪ್ರೌಢಶಾಲಾ ಶಿಕ್ಷಕರಾಗಿ ನಿವೃತ್ತರಾದ ನನ್ನ ಹಳೆಯ ಮಿತ್ರರು ಮತ್ತು ಅವರ ಧರ್ಮಪತ್ನಿ.

“ಶರಣ್ರೀ ಶಾಸ್ತ್ರಿಗಳೇ, ಮನಿ ತಗೊಂಡೇ ಬಂದೀವಿ, ಒಳಗ ಬಂದು ನೋಡ್ರಿ” ಎಂದು ಮಿತ್ರರು ನಗುತ್ತ ವಾಹನದ ಬಾಗಿಲು ತೆರೆದರು. ನೋಡಿದರೆ ಅದು ನಿಜಕ್ಕೂ ಒಂದು ಮನೆಯೇ ಆಗಿತ್ತು. ಹಿಂಭಾಗದಲ್ಲಿ ಇಬ್ಬರು ಮಲಗುವಷ್ಟು ಹಲಗೆಯ ಮಂಚ; ಅದರ ಕೆಳಗೆ ಬಟ್ಟೆಬರೆಯ ಪೆಟ್ಟಿಗೆ. ಒಂದು ಬದಿಗೆ ನೀರಿನ ಟಾಕಿ, ಪಕ್ಕದಲ್ಲಿ ಸಣ್ಣ ಒಲೆ, ರೊಟ್ಟಿಯ ಡಬ್ಬಿ, ಶೇಂಗಾ ಹಿಂಡಿಯ ಭರಣಿ. ಕಿಟಕಿಯ ಮೇಲ್ಗಡೆ ಒಂದು ಪುಟ್ಟ ಗೂಡು. ಅಲ್ಲಿ ವಿಭೂತಿ, ಪತ್ರಿ, ಪೂಜೆಯ ಸಾಮಗ್ರಿ. ಎಳ್ಳ ಅಮಾವಾಸ್ಯೆಯಂದು ತಮ್ಮ ಹೊಲದಲ್ಲಿ ಚರಗ ಚೆಲ್ಲಿ ಹೊರಟವರು, ಮಸ್ಕಿ, ಲಿಂಗಸುಗೂರು, ಮುದಗಲ್ಲು, ಕೂಡಲಸಂಗಮಗಳನ್ನು ಕಂಡು, ಬನದ ಹುಣ್ಣಿಮೆಗೆ ಸೋಮಲಾಪುರದ ಅಂಬಾಮಠಕ್ಕೆ ಮರಳಿ, ಅದರ ಬೆನ್ನಿಗೇ ಬರುವ ಕೊಪ್ಪಳದ ಗವಿಸಿದ್ಧೇಶ್ವರರ ತೇರನ್ನು ನೋಡಿ ಊರು ಸೇರುವ ಸಂಕಲ್ಪ ಅವರದಾಗಿತ್ತು. ಸುಗ್ಗಿಯೂ ಹಬ್ಬಗಳೂ ಕೂಡಿ ಬರುವ ಈ ದಿನಗಳೇ ನಮ್ಮ ಸೀಮೆಯವರಿಗೆ ನಿಜವಾದ ರಜೆಯ ಕಾಲ.

ಮೋಟಾರು ಮನೆಯೆಂದರೆ ಪರದೇಶದ ವಿಲಾಸವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನೆರೆಯ ಕೇರಳ ಸರ್ಕಾರವು 2021ರಲ್ಲಿ ಇಂತಹ ವಾಹನಗಳ ಪ್ರವಾಸಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿದಾಗ ಪತ್ರಿಕೆಗಳು ಅದನ್ನು ಹೊಸದೆಂದೇ ಬಣ್ಣಿಸಿದವು. ಆದರೆ ರಾಯಚೂರು ಸೀಮೆಯ ಹಿರಿಯರಿಗೆ ಇದರಲ್ಲಿ ಹೊಸದೇನಿದೆ? ನಾನು ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ಗುರುಗುಂಟಾ ಅಮರೇಶ್ವರನ ಜಾತ್ರೆಗೆ ಹೋಗುವ ಕೊಲ್ಲಾರಿ ಬಂಡಿಗಳ ಸಾಲನ್ನು ಕಣ್ಣಾರೆ ಕಂಡಿದ್ದೇನೆ. ಬಂಡಿಯೊಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ, ಮೇಲೆ ಚಾಪೆಯ ಕಮಾನು. ಮುದುಕರು, ಬಾಣಂತಿಯರು, ಕೂಸುಗಳು ಒಳಗೆ, ಗಟ್ಟಿಯುಳ್ಳವರು ಕಾಲ್ನಡಿಗೆಯಲ್ಲಿ. ಜಾತ್ರೆಯ ಬಯಲಿನಲ್ಲಿ ನೊಗ ಇಳಿಸಿದರೆ ಅದೇ ಮನೆ, ಮೂರು ಕಲ್ಲು ಹೂಡಿದರೆ ಅದೇ ಅಡಿಗೆಯ ಕೋಣೆ. ನಾಲ್ಕೈದು ದಿನಗಳ ಸಂಸಾರ ಹಾಗೆಯೇ ಸಾಗುತ್ತಿತ್ತು. ಇಂದು ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ, ಚಾಪೆಯ ಜಾಗಕ್ಕೆ ತಾಡಪಾಲು ಬಂದಿದೆ. ಪದ್ಧತಿ ಮಾತ್ರ ಅಳಿದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಇದೇ ಲಿಂಗಸುಗೂರು ತಾಲ್ಲೂಕಿನ ಪಿಕಳಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ಆಲ್‌ಚಿನ್ ಎಂಬ ವಿದ್ವಾಂಸರು, ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಗುರುತಿಸಿದರು. ದನಗಳೊಡನೆ ಮೇವು ನೀರುಗಳಿದ್ದಲ್ಲಿಗೆ ಸರಿಯುತ್ತಿದ್ದ ಜನರ ನಾಡಿದು. ಆದುದರಿಂದ ಚಲಿಸುವ ಮನೆ ನಮ್ಮ ನೆಲಕ್ಕೆ ಪರಕೀಯವಲ್ಲ.

ಆದರೆ ನನ್ನ ಮಿತ್ರರ ಈ ಪಯಣಕ್ಕೆ ಓಣಿಯವರ ಮೆಚ್ಚುಗೆ ದೊರೆಯಲಿಲ್ಲ. “ಮಕ್ಕಳು ಹೊರಗ ಹಾಕಿರಬೇಕು” ಎಂದು ಕೆಲವರು ಆಡಿಕೊಂಡರು. ಬೆಂಗಳೂರಿನಲ್ಲಿರುವ ಮಗನು ದೂರವಾಣಿಯಲ್ಲಿ, “ಅಪ್ಪಾ, ಇರಾಕ ಮನಿ ಇಲ್ಲೇನು ನಿಮಗ? ಮಂದಿ ನನಗ ಏನಂದಾರು?” ಎಂದು ನೊಂದುಕೊಂಡನಂತೆ. ಆತನ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಮನೆಯಿಲ್ಲದೆ ಅಲೆಯುವುದು ಬೇರೆ, ಮನೆಯಿದ್ದು ತಿರುಗುವುದು ಬೇರೆ. ಅಮೆರಿಕದಲ್ಲಿ ಮನೆಯ ಸಾಲ, ಬಾಡಿಗೆಗಳ ಭಾರ ತಾಳಲಾರದೆ ವೃದ್ಧರು ವಾಹನಗಳಲ್ಲಿಯೇ ಬದುಕುತ್ತ, ಕ್ರಿಸ್‌ಮಸ್ ಹಬ್ಬದ ದಿನಗಳಲ್ಲಿ ದೊಡ್ಡ ಉಗ್ರಾಣಗಳಲ್ಲಿ ಸರಕು ಕಟ್ಟುವ ಕೂಲಿಗೆ ಸೇರುವುದನ್ನು ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆಯು 2017ರಲ್ಲಿ ಒಂದು ಗ್ರಂಥದಲ್ಲಿ ವಿವರಿಸಿದರು. ಆ ಗ್ರಂಥವನ್ನು ಆಧರಿಸಿದ ‘ನೋಮ್ಯಾಡ್‌ಲ್ಯಾಂಡ್’ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಹೊರನೋಟಕ್ಕೆ ಎರಡೂ ವಾಹನಗಳು ಒಂದೇ ತೆರನಾಗಿ ಕಾಣುತ್ತವೆ. ಒಂದರಲ್ಲಿ ಬಿಡುಗಡೆಯಿದೆ, ಇನ್ನೊಂದರಲ್ಲಿ ನಿರುಪಾಯವಿದೆ. ಊರಿನಲ್ಲಿ ತೆರೆದ ಬಾಗಿಲೊಂದು ಕಾಯುತ್ತಿದೆಯೆಂಬ ಧೈರ್ಯವಿದ್ದವನಿಗೆ ಮಾತ್ರ ದಾರಿಯು ಸುಖವಾಗುತ್ತದೆ. ಆ ಧೈರ್ಯವನ್ನು ಕೊಡುವುದು ಮಕ್ಕಳ ಧರ್ಮ, ತಡೆಯುವುದಲ್ಲ.

ಇಷ್ಟನ್ನು ನಾನು ಮಿತ್ರರಿಗೆ ಸಮಾಧಾನವಾಗಿ ಹೇಳುತ್ತಿದ್ದೆ. ಅಷ್ಟರಲ್ಲಿ ಅವರ ಪತ್ನಿ ಒಲೆಯ ಮೇಲಿನ ಚಹಾ ಇಳಿಸುತ್ತ ಮೆಲ್ಲನೆ ನುಡಿದರು: “ನಲವತ್ತು ವರ್ಷ ಒಲಿ ಮುಂದ ಕುಂತೀನ್ರೀ ಅಣ್ಣಾರ. ಇವರಿಗೆ ರಿಟೈರ್ ಆತು. ನನ್ನ ಒಲಿ ಮಾತ್ರ ನನ್ನ ಸಂಗಾಟ ಗಾಡ್ಯಾಗ ಬಂದೈತಿ.”

ಅವರ ಮಾತಿನಲ್ಲಿ ದೂರಿರಲಿಲ್ಲ. ಆದರೂ ನಾವಿಬ್ಬರೂ ತಲೆತಗ್ಗಿಸಿದೆವು. ಕಾಯಕದ ಮಹತ್ವವನ್ನು ಕುರಿತು ನಾನು ಎಷ್ಟೋ ಉಪನ್ಯಾಸಗಳನ್ನು ಮಾಡಿದ್ದೇನೆ. ಆದರೆ ಕಾಯಕವನ್ನು ಹಂಚಿಕೊಳ್ಳದೆ ಒಬ್ಬರ ಹೆಗಲಿಗೇ ಬಿಟ್ಟಾಗ ಅದನ್ನು ಏನೆಂದು ಕರೆಯಬೇಕು? ನೌಕರಿಯಿಂದ ನಿವೃತ್ತರಾದವನಿಗೆ ಹಾರ, ಶಾಲು, ಸನ್ಮಾನಗಳುಂಟು. ಮನೆಯೊಳಗೆ ದುಡಿದವಳಿಗೆ ನಿವೃತ್ತಿಯ ದಿನವೆಂಬುದೇ ಇಲ್ಲ.

ಮೈಸೂರಿನ ದಕ್ಷಿಣಾಮೂರ್ತಿ ಕೃಷ್ಣಕುಮಾರರ ವೃತ್ತಾಂತವನ್ನು ಓದುಗರು ಕೇಳಿರಬಹುದು. ದೊಡ್ಡ ಕುಟುಂಬದ ಅಡಿಗೆಮನೆಯಲ್ಲಿಯೇ ಬಾಳನ್ನು ಸವೆಸಿದ ಅವರ ತಾಯಿ ಚೂಡಾರತ್ನಮ್ಮನವರು, ಹತ್ತಿರದ ಬೇಲೂರು ಹಳೇಬೀಡುಗಳನ್ನು ಕೂಡ ತಾವು ನೋಡಿಲ್ಲವೆಂದು ಒಮ್ಮೆ ಹೇಳಿದರು. ಮಗನು ನೌಕರಿಯನ್ನು ಬಿಟ್ಟು, ದಿವಂಗತ ತಂದೆಯವರು ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರಿನ ಮೇಲೆ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ದೇಶಯಾತ್ರೆಗೆ ಹೊರಟರು. ಆ ಯಾತ್ರೆಯ ದೂರವನ್ನು ಲೋಕವು ಕೊಂಡಾಡಿತು. ನನಗೆ ದೊಡ್ಡದಾಗಿ ತೋರುವುದು, ತಾಯಿಯ ಒಂದು ಮಾತನ್ನು ಮಗನು ಕಿವಿಗೊಟ್ಟು ಕೇಳಿದ ಆ ಗಳಿಗೆ.

ಚಹಾ ಕುಡಿದ ಮೇಲೆ ಆ ತಾಯಿ ತಾವು ಬಂದ ಕಾರಣವನ್ನು ತಿಳಿಸಿದರು. “ನಿನ್ನಿ ಮಸ್ಕ್ಯಾಗ ಅಶೋಕನ ಕಲ್ಲು ನೋಡಿದಿವ್ರಿ. ಏನೂ ತಿಳೀಲಿಲ್ಲ. ನೀವು ಬಂದು ಓದಿ ಹೇಳ್ರಿ.” ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು, ಮಸ್ಕಿಯು ನಡುವೆ. ಅದೇ ದಿನ ಮಧ್ಯಾಹ್ನ ಅವರ ಗಾಲಿಯ ಮನೆಯಲ್ಲಿಯೇ ಕುಳಿತು ಮಸ್ಕಿಗೆ ಹೋದೆವು.

ಗುಡ್ಡದ ಬಂಡೆಯ ಮುಂದೆ ನಿಂತು ನನಗೆ ತಿಳಿದಷ್ಟನ್ನು ಹೇಳಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೂ, ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದವು. ಆ ರಾಜನು ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಬೇಕಾಗಿತ್ತು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಈ ಬಂಡೆ ಬಿದ್ದಿತು. ಇದರಲ್ಲಿ ಅಶೋಕನ ಹೆಸರೇ ಇದ್ದಿತು. ಚಿನ್ನವನ್ನು ಹುಡುಕಿ ಹೊರಟವನಿಗೆ ಚಕ್ರವರ್ತಿಯೇ ದೊರೆತ! ಧರ್ಮಸಾಧನೆಯು ದೊಡ್ಡವರಿಗೆ ಮೀಸಲಲ್ಲ, ಪ್ರಯತ್ನಿಸಿದರೆ ಚಿಕ್ಕವರಿಗೂ ಸಾಧ್ಯವೆಂಬುದು ಈ ಶಾಸನದ ತಿರುಳು.

ಇದೇ ಸಂದೇಶವನ್ನು ಹೊತ್ತ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಅಂಕೆಯೊಂದಿದೆ. ರಾಜನು ಅರಮನೆಯಿಂದ ದೂರವಾಗಿ ಪಯಣದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಇದನ್ನು ಕೇಳಿ ಆ ತಾಯಿ, “ಹಂಗಾದ್ರ ರಾಜನೂ ನಮ್ಹಂಗ ಗಾಡ್ಯಾಗ ಮಲಗ್ಯಾನ” ಎಂದು ಮಗುವಿನಂತೆ ನಕ್ಕರು. ಅಶೋಕನ ಎಂಟನೆಯ ಶಿಲಾಶಾಸನದ ವಿಷಯವನ್ನೂ ಹೇಳಿದೆ. ಹಿಂದಿನ ಅರಸರು ಬೇಟೆ ಮೊದಲಾದ ವಿನೋದಕ್ಕಾಗಿ ವಿಹಾರಯಾತ್ರೆ ಕೈಗೊಳ್ಳುತ್ತಿದ್ದರು. ಅಶೋಕನು ಪಟ್ಟಾಭಿಷೇಕದ ಹತ್ತನೆಯ ವರ್ಷದಿಂದ ಧರ್ಮಯಾತ್ರೆಯನ್ನು ಆರಂಭಿಸಿದನು. ಆ ಯಾತ್ರೆಯಲ್ಲಿ ಶ್ರಮಣರ, ಬ್ರಾಹ್ಮಣರ ದರ್ಶನದೊಡನೆ ವೃದ್ಧರ ದರ್ಶನವೂ, ಅವರಿಗೆ ಹೊನ್ನಿನ ನೆರವೂ, ನಾಡಿನ ಸಾಮಾನ್ಯ ಜನರ ಭೇಟಿಯೂ ಸೇರಿದ್ದವು. ಎರಡು ಯಾತ್ರೆಗಳಿಗೂ ದಾರಿ ಒಂದೇ ಇದ್ದೀತು. ಹೋದವನು ಯಾರನ್ನು ಕಂಡನೆಂಬುದರಲ್ಲಿ ಭೇದವಿದೆ.

ಹೀಗೆ ವಿವರಿಸುತ್ತಿರುವಾಗಲೇ ನನ್ನ ಮಾತು ನಿಂತುಹೋಯಿತು. ಕಾರಣವನ್ನು ಅವರಿಗೆ ಹೇಳಲಿಲ್ಲ, ಓದುಗರಿಂದ ಮುಚ್ಚಿಡಲಾರೆ. ಈ ಬಂಡೆಯ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೆ! ಶಾಲೆಯ ಮಕ್ಕಳಿಗೆ, ಬೇರೆ ಜಿಲ್ಲೆಗಳ ಪ್ರಾಧ್ಯಾಪಕರಿಗೆ ಇದೇ ಮಾತುಗಳನ್ನು ಹೇಳಿದ್ದೇನೆ. ಅವರೆಲ್ಲರಿಗೆ ಬುತ್ತಿ ಕಟ್ಟಿಕೊಟ್ಟವಳು ನನ್ನ ಧರ್ಮಪತ್ನಿ. “ಆ ಕಲ್ಲಿನ್ಯಾಗ ಅಂಥಾದ್ದೇನೈತಿ, ಒಂದಿನ ನನಗೂ ತೋರಸ್ರಿ” ಎಂದು ಆಕೆ ಕೇಳಿದ್ದುಂಟು. “ಇಲ್ಲೇ ಮಸ್ಕಿ, ಎಲ್ಲಿ ಓಡಿಹೋಗುತ್ತದೆ?” ಎಂದು ನಾನು ಪ್ರತಿ ಸಲವೂ ನಕ್ಕು ಮುಂದೂಡಿದೆ. ಮಸ್ಕಿ ಎಲ್ಲಿಯೂ ಓಡಿಹೋಗಲಿಲ್ಲ. ಆಕೆ ಲಿಂಗೈಕ್ಯಳಾಗಿ ಆರು ವರ್ಷಗಳಾದವು. ಬಸ್ಸಿನಲ್ಲಿ ಒಂದು ತಾಸಿನ ಹಾದಿಯನ್ನು ಒಂದು ಜೀವಮಾನದಲ್ಲಿ ನಾನು ಅವಳಿಗಾಗಿ ಕ್ರಮಿಸಲಿಲ್ಲ.

ಮರಳುವಾಗ ಮಿತ್ರರಿಗೆ ಒಂದು ಮಾತನ್ನು ಮಾತ್ರ ಹೇಳಿದೆ: “ಮೇಷ್ಟ್ರೇ, ಗಾಡಿಯನ್ನು ಓಡಿಸುವುದನ್ನು ಕಲಿತಿರಿ. ಇನ್ನು ರೊಟ್ಟಿ ಬಡಿಯುವುದನ್ನೂ ಕಲಿಯಿರಿ.”

ಇಂತಹ ಪಯಣವನ್ನು ಬಯಸುವ ಹಿರಿಯರಿಗೆ ಅವರ ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ವಾಹನದ ರಚನೆಯನ್ನು ಮನಬಂದಂತೆ ಮಾರ್ಪಡಿಸಲಾಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇದನ್ನು ನಿಯಂತ್ರಿಸುತ್ತದೆ. ಸಾರಿಗೆ ಕಚೇರಿಯ ಅನುಮತಿ ಪಡೆದು, ನೋಂದಣಿ ಪತ್ರ ಮತ್ತು ವಿಮೆಗಳಲ್ಲಿ ಅದನ್ನು ಸರಿಪಡಿಸಿಕೊಂಡೇ ಹೊರಡಬೇಕು. ವಾಹನ ಚಲಿಸುವಾಗ ಒಲೆ ಹಚ್ಚಬಾರದು. ಮುಚ್ಚಿದ ವಾಹನದೊಳಗೆ ಒಲೆ ಉರಿಸಿ ಮಲಗುವುದಂತೂ ಪ್ರಾಣಾಪಾಯ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪಯಣದ ದಿನಗಳಿಗಿಂತ ಒಂದು ವಾರ ಹೆಚ್ಚಾಗಿಯೇ ಇರಿಸಿಕೊಳ್ಳಬೇಕು. ವೈದ್ಯರ ಚೀಟಿ ಜೊತೆಗಿರಲಿ. ಕತ್ತಲಾದ ಮೇಲೆ ವಾಹನ ಓಡಿಸದೆ, ಹಗಲಿರುವಾಗಲೇ ಮಠದ ಆವರಣದಲ್ಲಿಯೋ ಪರಿಚಿತರ ಅಂಗಳದಲ್ಲಿಯೋ ಕೇಳಿ ತಂಗುವುದು ಲೇಸು. ತಂಗಿದ ಸ್ಥಳವನ್ನು ಬಂದಾಗ ಇದ್ದುದಕ್ಕಿಂತ ಚೊಕ್ಕಟವಾಗಿಟ್ಟು ಹೊರಡಬೇಕು. ಪ್ರತಿ ಸಂಜೆ ಮಕ್ಕಳಿಗೆ ತಾವಿರುವ ಊರನ್ನು ತಿಳಿಸಬೇಕು; ಅದು ಅವರ ಅಪ್ಪಣೆಗಾಗಿ ಅಲ್ಲ, ಸಮಾಧಾನಕ್ಕಾಗಿ.

ಮೋಟಾರು ಮನೆ ಎಲ್ಲರಿಗೂ ಸಾಧ್ಯವಿಲ್ಲ, ಅವಶ್ಯವೂ ಇಲ್ಲ. ಸರ್ಕಾರಿ ಬಸ್ಸು ಸಾಕು. ಮಹಿಳೆಯರಿಗೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಉಚಿತ ಪ್ರಯಾಣದ ಯೋಜನೆ ಬಂದ ಮೇಲೆ, ನಮ್ಮ ಎಷ್ಟೋ ತಾಯಂದಿರು ಮೊದಲ ಬಾರಿಗೆ ತಮ್ಮ ಇಚ್ಛೆಯ ಕ್ಷೇತ್ರಗಳನ್ನು ಕಂಡರು. ಬೇಕಾದುದು ವಾಹನವಲ್ಲ, “ಒಂದು ದಿನ ಹೋಗೋಣ” ಎಂಬ ಮಾತಿನಲ್ಲಿರುವ ಆ ‘ಒಂದು ದಿನ’ಕ್ಕೆ ಪಂಚಾಂಗದಲ್ಲಿ ಒಂದು ತಿಥಿಯನ್ನು ಗೊತ್ತುಮಾಡುವುದು.

ಕೊಪ್ಪಳದ ತೇರು ಮುಗಿದ ಮರುದಿನ ಮಿತ್ರರಿಂದ ದೂರವಾಣಿ ಬಂದಿತು. ಮಾತನಾಡಿದವರು ಅವರ ಪತ್ನಿ. ಊರೂರುಗಳಿಂದ ಭಕ್ತರು ತಂದ ರೊಟ್ಟಿಯ ರಾಶಿಯನ್ನು, ಮಹಾದಾಸೋಹದ ಪಂಕ್ತಿಯನ್ನು ಬಣ್ಣಿಸಿದರು. “ನಾ ಕುಂತೀನಿ, ಬ್ಯಾರೇದವ್ರು ನೀಡ್ಯಾರ, ಹೊಟ್ಟಿ ತುಂಬಾ ಉಂಡೀನ್ರೀ ಅಣ್ಣಾರ. ಕೂಡಲಸಂಗಮದಾಗ ಇವರೂ ಒಂದಿನ ರೊಟ್ಟಿ ಬಡದ್ರು.”

“ಹೇಗಿದ್ದವು ತಾಯಿ?”

“ದುಂಡಗಂತೂ ಇರಲಿಲ್ಲ ಬಿಡ್ರಿ. ಹೊತ್ತಿದ್ವು. ಆದ್ರ ಬಿಸಿಬಿಸಿ ಇದ್ವು. ನನ್ನ ಕೈಗೆ ಯಾರಾರ ಬಿಸಿ ರೊಟ್ಟಿ ಕೊಟ್ಟು ಎಷ್ಟು ವರ್ಷ ಆಗಿತ್ತೋ!”

ಓದುಗ ಬಂಧುಗಳೇ, ಬರುವ ರಜೆಯೊಳಗೆ ನಿಮ್ಮ ಮನೆಯ ಹಿರಿಯಳನ್ನು ಒಮ್ಮೆ ಕೇಳಿರಿ: “ನೀನು ನೋಡದೆ ಉಳಿದ ಊರು ಯಾವುದು?” ಉತ್ತರವು ಬಹು ದೂರದ್ದಾಗಿರಲಾರದು. ಶರಣು.