ಪ್ರೌಢಶಾಲೆಗೆ ಸೇರುವ ಮಕ್ಕಳ ಆಹಾರ

ಕರುವಿಗೆ ತೊಟ್ಟು ಹಾಲನ್ನೂ ಬಿಡದೆ ಕರೆದುಕೊಳ್ಳುವ ರೈತನನ್ನು ನಾವು ಅವಿವೇಕಿಯೆನ್ನುವೆವು. ಮಕ್ಕಳ ವಿಷಯದಲ್ಲಿ ನಾವು ಮಾಡುತ್ತಿರುವುದೂ ಅದೇ ಅಲ್ಲವೆ?

ಎಂಟನೆಯ ತರಗತಿಗೆ ಸೇರತಕ್ಕವರು ವೇಗವಾಗಿ ಬೆಳೆಯುವ ವಯಸ್ಸಿನವರು. 13ರಿಂದ 15 ವರ್ಷದವರಿಗೆ ದಿನಕ್ಕೆ 1,000 ಮಿಲಿಗ್ರಾಂ ಸುಣ್ಣದಂಶವು ಅವಶ್ಯವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಗೊತ್ತುಪಡಿಸಿರುವರು. ನೂರು ಗ್ರಾಂ ರಾಗಿಯಲ್ಲಿ ಇದು 300 ಮಿಲಿಗ್ರಾಮಿಗೂ ಮೇಲ್ಪಟ್ಟು ಇರುವುದು; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹೆಣ್ಣುಮಕ್ಕಳಿಗಾದರೋ ಇದು ಮೈನೆರೆಯುವ ಕಾಲ. ಕಬ್ಬಿಣದಂಶವು ಸಾಲದೆ ಹೋದರೆ ರಕ್ತಹೀನತೆಯುಂಟಾಗಿ, ಆಯಾಸದಿಂದ ಪಾಠವೂ ತಲೆಗೆ ಹತ್ತದು. ಊಟದೊಡನೆ ಚಹಾ ಕುಡಿದರೆ ಆ ಅಂಶವು ಮೈಗೂಡುವುದು ಕಡಿಮೆಯಾಗುವುದು. ನಿಂಬೆ, ನೆಲ್ಲಿ ಸೇರಿದರೆ ಹೆಚ್ಚುವುದು.

ಇದನ್ನೆಲ್ಲ ಉಪಾಧ್ಯಾಯರು ಬೋಧಿಸಬಹುದು. ಆದರೆ ರಾಗಿ, ಹಾಲು, ಸೊಪ್ಪುಗಳೆಲ್ಲವೂ ಪೇಟೆಗೆ ಹೋಗಿ, ಮಗುವು ಬರಿಯ ಚಹಾ ಕುಡಿದು ಶಾಲೆಗೆ ಹೊರಟರೆ ಬೋಧನೆಯು ವ್ಯರ್ಥವೇ ಸರಿ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಆದ ತಾವು ಶಾಲೆಯ ಸಮೀಪದಲ್ಲಿ ಎರಡು ಗುಂಟೆ ನೆಲವನ್ನೂ ನೀರನ್ನೂ ಒದಗಿಸಿ, ನುಗ್ಗೆ, ನಿಂಬೆ, ಸೊಪ್ಪುಗಳನ್ನು ಮಕ್ಕಳ ಕೈಯಿಂದಲೇ ಬೆಳೆಯಿಸತಕ್ಕದ್ದು. ತಮ್ಮ ಮನೆಗಳಲ್ಲಿ ಮಕ್ಕಳ ಪಾಲನ್ನು ಮೊದಲು ತೆಗೆದಿರಿಸಿ, ಮಿಕ್ಕುದನ್ನು ಮಾರತಕ್ಕದ್ದು. ತಾವು ನಡೆದಂತೆ ಊರು ನಡೆಯುವುದು.